ಬಿದ್ದ ಹಲ್ಲಿನ ಹೊರೆಯನ್ನು ಹೊರುವವರು ಯಾರು?

“ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ” ಎಂಬ ಗಾದೆಯನ್ನು ಕಟ್ಟಿದವರ ಕಾಲದಲ್ಲಿ, ಬಿದ್ದ ಹಲ್ಲು ಬಿದ್ದೇ ಹೋಯಿತೆಂದು ಸುಮ್ಮನಾಗಬೇಕಾಗಿದ್ದಿತು. ಇಂದು ಹಾಗಲ್ಲ. ಹಲ್ಲು ಕಳೆದುಕೊಂಡವರ ಮುಂದೆ ಹತ್ತಾರು ದಾರಿಗಳು ತೆರೆದಿರುತ್ತವೆ. ತೆಗೆದಿಡುವ ಹಲ್ಲಿನ ಸೆಟ್ಟು, ಅಕ್ಕಪಕ್ಕದ ಹಲ್ಲುಗಳ ಮೇಲೆ ಕೂರಿಸುವ ಸೇತುವೆ, ದವಡೆಯ ಎಲುಬಿನೊಳಗೆ ನೆಡುವ ಕೃತಕ ಬೇರು, ಎಂದರೆ ಇಂಪ್ಲಾಂಟ್. ಇಂಪ್ಲಾಂಟಿನಲ್ಲಿಯೂ ಟೈಟೇನಿಯಮಿನದು, ಜಿರ್ಕೋನಿಯದ್ದು ಎಂಬ ಭೇದ; ಇಡೀ ದವಡೆಗೆ ಎರಡು ಸಾಕೆ, ನಾಲ್ಕು ಬೇಕೆ, ಆರು ಬೇಕೆ ಎಂಬ ಚರ್ಚೆ; ಅಂದೇ ಹಲ್ಲು ಕೂರಿಸುವುದೋ ತಿಂಗಳುಗಟ್ಟಲೆ ಕಾಯುವುದೋ ಎಂಬ ಸಂದೇಹ. ಖರ್ಚು ಸಣ್ಣದಲ್ಲ. ಹಣವನ್ನಾದರೂ ಮತ್ತೆ ಗಳಿಸಬಹುದು. ತಪ್ಪು ಆಯ್ಕೆಯಿಂದ ಸವೆದುಹೋದ ದವಡೆಯ ಎಲುಬನ್ನು ಮರಳಿ ಪಡೆಯುವುದು ಬಹು ಕಷ್ಟ.

ನಾವು ದಂತವೈದ್ಯರಲ್ಲ, ಭೌತಶಾಸ್ತ್ರವನ್ನು ಬೋಧಿಸುವವರು. ಆದರೂ ಈ ವಿಷಯವನ್ನು ಎತ್ತಿಕೊಂಡಿರುವುದಕ್ಕೆ ಕಾರಣವಿದೆ. ನದಿಗೆ ಸೇತುವೆ ಕಟ್ಟುವ ಇಂಜಿನಿಯರು ಕಲ್ಲಿನ ಬಣ್ಣವನ್ನು ಮೊದಲು ಕೇಳುವುದಿಲ್ಲ. ಭಾರವು ಎಲ್ಲಿಗೆ ಇಳಿಯುತ್ತದೆ ಎಂದು ಕೇಳುತ್ತಾನೆ. ಹಲ್ಲಿನ ವಿಷಯದಲ್ಲಿಯೂ ಇದೇ ಪ್ರಶ್ನೆಯನ್ನು ಮೊದಲು ಕೇಳಿದರೆ ಉಳಿದ ಆಯ್ಕೆಗಳು ತಾವಾಗಿಯೇ ಸಾಲಾಗಿ ನಿಲ್ಲುತ್ತವೆ.

ಹುಟ್ಟುಹಲ್ಲು ನಿಂತಿರುವ ಬಗೆ

ಹಲ್ಲನ್ನು ಎಲುಬಿನಲ್ಲಿ ಗೂಟದಂತೆ ಹುಗಿದಿದೆಯೆಂದು ಅನೇಕರು ಭಾವಿಸುವುದುಂಟು. ವಸ್ತುಸ್ಥಿತಿ ಬೇರೆ. ಹಲ್ಲಿನ ಬೇರಿಗೂ ಎಲುಬಿಗೂ ನಡುವೆ ಸುಮಾರು 0.2 ಮಿಲಿಮೀಟರಿನಷ್ಟು ತೆಳುವಾದ ನಾರುಗಳ ಪದರವಿದೆ. ಹಲ್ಲು ಈ ನಾರುಗಳಿಂದ ತೂಗುಬಿದ್ದಿರುತ್ತದೆ. ನಾವು ಕಚ್ಚಿದಾಗ ನಾರುಗಳು ಬಿಗಿದುಕೊಂಡು ಎಲುಬನ್ನು ಎಳೆಯುತ್ತವೆ; ಆ ಎಳೆತವೇ ಎಲುಬಿಗೆ ವ್ಯಾಯಾಮ. ನಾರುಗಳ ನಡುವೆ ನರಗಳ ತುದಿಗಳೂ ಇವೆ. ಅನ್ನದಲ್ಲಿ ಸಿಕ್ಕ ಸಣ್ಣ ಕಲ್ಲನ್ನು ಹಲ್ಲು ಕ್ಷಣಮಾತ್ರದಲ್ಲಿ ಗುರುತಿಸಿ ದವಡೆಯನ್ನು ತಡೆಯುವುದು ಇವುಗಳ ನೆರವಿನಿಂದಲೇ.

ಈ ವ್ಯವಸ್ಥೆ ಹೊರುವ ಬಲವಾದರೂ ಎಷ್ಟು? ದವಡೆಯು ಕಿವಿಯ ಮುಂದೆ ಕೀಲಿಟ್ಟ ಒಂದು ಸನ್ನೆ. ಅಡಕತ್ತರಿಯಲ್ಲಿ ಗಟ್ಟಿ ಅಡಕೆಯನ್ನು ಕೀಲಿನ ಸಮೀಪಕ್ಕೆ ಸರಿಸಿ ಕತ್ತರಿಸುವಂತೆ, ಕೀಲಿಗೆ ಹತ್ತಿರವಾದ ದವಡೆಹಲ್ಲುಗಳ ಮೇಲೆ ಬೀಳುವ ಬಲ ಮುಂದಿನ ಹಲ್ಲುಗಳ ಮೇಲಿನದಕ್ಕಿಂತ ಬಹಳ ಹೆಚ್ಚು. ಬಲವಾಗಿ ಕಚ್ಚಿದರೆ ಅದು 500ರಿಂದ 700 ನ್ಯೂಟನ್‌ಗಳನ್ನು ಮುಟ್ಟಬಲ್ಲುದು; ಎಂದರೆ ಒಬ್ಬ ಆಳಿನ ತೂಕದಷ್ಟು.

ಹಲ್ಲು ಹೋದೊಡನೆ ಎಳೆತವೂ ನಿಲ್ಲುತ್ತದೆ. ಕೆಲಸವಿಲ್ಲದ ಎಲುಬನ್ನು ದೇಹ ಕರಗಿಸಿಕೊಳ್ಳುತ್ತದೆ. ಹಲ್ಲು ಕಿತ್ತ ಮೊದಲ ವರ್ಷದಲ್ಲಿಯೇ ಆ ಎಡೆಯ ಎಲುಬಿನ ಅಗಲ ಸುಮಾರು ಅರ್ಧಕ್ಕೆ ಇಳಿಯುವುದುಂಟು; ಈ ನಷ್ಟದ ಬಹುಭಾಗ ಮೊದಲ 3 ತಿಂಗಳುಗಳಲ್ಲಿ ಆಗುತ್ತದೆ. ಆದುದರಿಂದ ಬದಲು ಹಲ್ಲಿನ ಮಾತನ್ನು ಹಲ್ಲು ಕೀಳಿಸುವ ಮುನ್ನವೇ ಆಡುವುದು ಲೇಸು.

ಮೂರು ದಾರಿ, ಮೂವರು ಹೊರೆಯಾಳುಗಳು

ತೆಗೆದಿಡುವ ಸೆಟ್ಟಿನಲ್ಲಿ ಹೊರೆಯನ್ನು ಹೊರುವುದು ಒಸಡು. ಒಸಡು ಮೃದುವಾದ ಚರ್ಮ. ಅದು ಈ ಕೆಲಸಕ್ಕೆ ಹುಟ್ಟಿದ್ದಲ್ಲ. ಪೂರ್ಣ ಸೆಟ್ಟು ಧರಿಸಿದವರ ಕಚ್ಚುವ ಬಲ ಹುಟ್ಟುಹಲ್ಲುಳ್ಳವರ ನಾಲ್ಕನೆಯ ಅಥವಾ ಐದನೆಯ ಒಂದು ಪಾಲಿಗೆ ಇಳಿಯುವುದು ಇದರಿಂದಲೇ. ಮೇಲಿನ ಸೆಟ್ಟು ಅಂಗುಳಿನ ಅಗಲಕ್ಕೂ ಅಂಟಿ ನಿಲ್ಲುತ್ತದೆ. ಕೆಳಗಿನದು ನಾಲಗೆಯ ಆಟಕ್ಕೆ ಸಿಕ್ಕಿ ಅಲುಗಾಡುತ್ತದೆ. ಆದರೆ ಇದಕ್ಕೆ ಖರ್ಚು ಕಡಿಮೆ, ಶಸ್ತ್ರಕ್ರಿಯೆ ಬೇಡ, ತೊಳೆಯುವುದು ಸುಲಭ.

ಸೇತುವೆಯಲ್ಲಿ ಹೊರೆ ನೆರೆಯ ಹಲ್ಲುಗಳದು. ಅವುಗಳನ್ನು ಅರೆದು, ಕವಚ ತೊಡಿಸಿ, ನಡುವೆ ಹುಸಿಹಲ್ಲನ್ನು ತೂಗುಹಾಕುತ್ತಾರೆ. ಎರಡು ಕಂಬಗಳು ಮೂವರ ಭಾರವನ್ನು ಹೊರಬೇಕು. ನೆರೆಹಲ್ಲುಗಳು ಮೊದಲೇ ಹುಳುಕಾಗಿ ಕವಚ ಬೇಡುತ್ತಿದ್ದರೆ ಇದು ಒಳ್ಳೆಯ ಉಪಾಯ. ಅವು ಆರೋಗ್ಯವಾಗಿದ್ದರೆ ನೆಟ್ಟಗಿರುವ ಗೋಡೆಯನ್ನು ಕೆಡವಿ ಕಿಟಕಿ ಇಟ್ಟಂತೆ. ಮುಂಬಾಯಿಯ ಒಂದು ಹಲ್ಲಿಗಾದರೆ, ಹೆಚ್ಚು ಅರೆಯದೆ ಹಿಂಬದಿಗೆ ರೆಕ್ಕೆಯನ್ನು ಅಂಟಿಸುವ ಹಗುರವಾದ ಸೇತುವೆಯೂ ಉಂಟು.

ಮೂರನೆಯದರಲ್ಲಿ ಹೊರೆ ನೇರವಾಗಿ ಎಲುಬಿಗೆ ಇಳಿಯುತ್ತದೆ. ಇದೇ ಇಂಪ್ಲಾಂಟಿನ ಹೆಚ್ಚುಗಾರಿಕೆ. ಅದರ ಅಪಾಯವೂ ಇದರಲ್ಲಿಯೇ ಅಡಗಿದೆ.

ನಾಲ್ಕನೆಯ ದಾರಿಯೊಂದನ್ನು ಮರೆಯಬಾರದು: ಏನನ್ನೂ ಹಾಕಿಸದಿರುವುದು. ಮುಂದಿನ ಹಲ್ಲುಗಳೂ ಅವುಗಳ ಹಿಂದಿನ ಸಣ್ಣ ದವಡೆಹಲ್ಲುಗಳೂ ಗಟ್ಟಿಯಾಗಿ ಉಳಿದಿದ್ದರೆ ಅನೇಕರು ತೃಪ್ತಿಕರವಾಗಿ ಅಗಿಯಬಲ್ಲರೆಂದು ನೆದರ್ಲೆಂಡ್ಸಿನ ಕೈಸರ್ 1981ರಲ್ಲಿ ತೋರಿಸಿದರು. ತೀರ ಹಿಂದಿನ ಹಲ್ಲೊಂದು ಹೋದರೆ ಅದರ ಎಡೆಯನ್ನು ತುಂಬಲೇಬೇಕೆಂಬ ನಿಯಮವಿಲ್ಲ.

ಎಲುಬು ಲೋಹವನ್ನು ಒಪ್ಪಿದ ಕಥೆ

1952ರಲ್ಲಿ ಸ್ವೀಡನ್ನಿನ ಲುಂಡ್ ನಗರದಲ್ಲಿ ಪೆರ್ ಇಂಗ್ವಾರ್ ಬ್ರೋನೆಮಾರ್ಕ್ ಎಂಬ ವೈದ್ಯರು ಎಲುಬಿನೊಳಗಿನ ರಕ್ತಸಂಚಾರವನ್ನು ಪರಿಶೀಲಿಸಲು ಮೊಲದ ಕಾಲಿನಲ್ಲಿ ಟೈಟೇನಿಯಮಿನ ಸಣ್ಣ ಉಪಕರಣವೊಂದನ್ನು ಇರಿಸಿದ್ದರು. ಕೆಲಸ ಮುಗಿದ ಮೇಲೆ ತೆಗೆಯಹೋದರೆ ಅದು ಬರಲೊಲ್ಲದು! ಎಲುಬು ಅದನ್ನು ತನ್ನದೇ ಅಂಗವೆಂಬಂತೆ ಹಿಡಿದುಕೊಂಡಿದ್ದಿತು. 1965ರಲ್ಲಿ ಗೋಥೆನ್‌ಬರ್ಗಿನಲ್ಲಿ ಅವರು ಯೋಸ್ಟಾ ಲಾರ್ಸನ್ ಎಂಬ ರೋಗಿಯ ದವಡೆಗೆ ಟೈಟೇನಿಯಮ್ ಬೇರುಗಳನ್ನು ನೆಟ್ಟರು. ಲಾರ್ಸನ್ 2006ರಲ್ಲಿ ತೀರಿಕೊಳ್ಳುವವರೆಗೂ, 40 ವರ್ಷಗಳಿಗೆ ಮೀರಿ, ಅವು ಉಳಿದುವು. 1982ರಲ್ಲಿ ಟೊರೊಂಟೊ ನಗರದಲ್ಲಿ ನಡೆದ ಸಮ್ಮೇಳನದ ಅನಂತರ ಈ ವಿಧಾನ ಜಗತ್ತಿನಲ್ಲೆಲ್ಲ ಹರಡಿತು.

ಟೈಟೇನಿಯಮಿಗೆ ಈ ಗುಣ ಬಂದುದು ಹೇಗೆ? ಗಾಳಿ ಸೋಕಿದೊಡನೆ ಅದರ ಮೈಮೇಲೆ ಕೆಲವೇ ನ್ಯಾನೊಮೀಟರ್ ದಪ್ಪದ ಆಕ್ಸೈಡ್ ಪೊರೆ ಕಟ್ಟುತ್ತದೆ. ದೇಹದ ದ್ರವಗಳು ಈ ಪೊರೆಯನ್ನು ಸುಲಭವಾಗಿ ಕೊರೆಯಲಾರವು; ಎಲುಬಿನ ಜೀವಕೋಶಗಳು ಇದರ ಮೇಲೆ ನಿರಾತಂಕವಾಗಿ ನೆಲೆಸುತ್ತವೆ.

ಲೋಹವೇ, ಪಿಂಗಾಣಿಯೇ?

ವಸ್ತುವೊಂದು ಬಲಕ್ಕೆ ಎಷ್ಟು ಬಾಗದೆ ನಿಲ್ಲುತ್ತದೆಂಬುದನ್ನು ಯಂಗ್ ಗುಣಾಂಕ ಅಳೆಯುತ್ತದೆ. ದವಡೆಯ ಗಟ್ಟಿ ಎಲುಬಿಗೆ ಇದು ಸುಮಾರು 15ರಿಂದ 20 ಗಿಗಾಪಾಸ್ಕಲ್, ಟೈಟೇನಿಯಮಿಗೆ ಸುಮಾರು 110, ಜಿರ್ಕೋನಿಯಕ್ಕೂ ಉಕ್ಕಿಗೂ ಸುಮಾರು 200. ಮೆತ್ತನೆಯದರೊಳಗೆ ತೀರ ಬಿರುಸಾದುದನ್ನು ನೆಟ್ಟರೆ ಒತ್ತಡವು ಸಮನಾಗಿ ಹಂಚಿಹೋಗದೆ ಕೊರಳಿನ ಬಳಿ ಗುಂಪುಗೂಡುತ್ತದೆ. ಈ ದೃಷ್ಟಿಯಿಂದ ಟೈಟೇನಿಯಮ್ ಎಲುಬಿಗೆ ಹೆಚ್ಚು ಸಮೀಪದ ನೆಂಟ. ಜಿರ್ಕೋನಿಯ ಬೆಳ್ಳಗಿರುವುದರಿಂದ, ತೆಳು ಒಸಡಿನ ಮುಂಬಾಯಿಯಲ್ಲಿ ಲೋಹದ ನೆರಳು ಕಾಣದಂತೆ ಮಾಡಲು ಒದಗುತ್ತದೆ. ಆದರೆ ಪಿಂಗಾಣಿಯ ಜಾತಿಯಾದುದರಿಂದ ಬಾಗದೆ ಮುರಿಯುವ ಸ್ವಭಾವದ್ದು. ಟೈಟೇನಿಯಮಿನ ಬೆನ್ನಿಗೆ ದೀರ್ಘಕಾಲದ ಅನುಭವವಿದೆ. ಹತ್ತು ವರ್ಷಗಳ ಅನಂತರವೂ 100ರಲ್ಲಿ 90ಕ್ಕೂ ಹೆಚ್ಚು ಬೇರುಗಳು ಉಳಿಯುತ್ತವೆ.

ಅಂದೇ ಹಲ್ಲೋ, ಕಾದು ಹಲ್ಲೋ?

ನೆಟ್ಟ ದಿನ ಬೇರನ್ನು ಹಿಡಿದಿರುವುದು ಬರಿಯ ತಿರುಪಿನ ಬಿಗಿತ. ಅನಂತರದ ಕೆಲವು ವಾರಗಳಲ್ಲಿ ಗಾಯಗೊಂಡ ಹಳೆಯ ಎಲುಬು ಕರಗಿ ಹೊಸದು ಬೆಳೆಯಬೇಕು. ಹಳೆಯ ಹಿಡಿತ ಸಡಿಲವಾಗಿ ಹೊಸ ಹಿಡಿತ ಇನ್ನೂ ಬಾರದ ಮೂರು-ನಾಲ್ಕನೆಯ ವಾರದ ಸುಮಾರಿಗೆ ಬೇರು ಅತ್ಯಂತ ದುರ್ಬಲವಾಗಿರುತ್ತದೆ. ಆಗ ಅದು 0.1ರಿಂದ 0.15 ಮಿಲಿಮೀಟರಿಗೆ ಮೀರಿ ಅಲುಗಿದರೆ ಎಲುಬಿಗೆ ಬದಲಾಗಿ ನಾರು ಬೆಳೆದು ಬೇರು ಸಡಿಲವಾಗುತ್ತದೆ.

ಆದುದರಿಂದಲೇ ಹಿಂದೆ ಕೆಳದವಡೆಗೆ 3 ತಿಂಗಳು, ಎಲುಬು ಮೆದುವಾದ ಮೇಲ್ದವಡೆಗೆ 6 ತಿಂಗಳು ಕಾಯಿಸುತ್ತಿದ್ದರು. ಈಗ ಒರಟು ಮೈಯ ಬೇರುಗಳಿಂದ ಈ ಅವಧಿ ತಗ್ಗಿದೆ. ನೆಡುವಾಗ ತಿರುಪು ಸುಮಾರು 35 ನ್ಯೂಟನ್-ಸೆಂಟಿಮೀಟರಿನಷ್ಟು ಬಿಗಿ ಕೊಟ್ಟರೆ, ಕಚ್ಚುವಾಗ ತಗಲದಂತೆ ತಾತ್ಕಾಲಿಕ ಹಲ್ಲನ್ನು ಅಂದೇ ಇಡುವುದೂ ಉಂಟು. ತಂಬೂರಿಯ ತಂತಿಯನ್ನು ಬಿಗಿದಂತೆ ಶ್ರುತಿ ಏರುವುದನ್ನು ನಾವೆಲ್ಲ ಬಲ್ಲೆವು. ಇದೇ ಅನುರಣನ ತತ್ತ್ವದಿಂದ ಬೇರನ್ನು ಕಂಪಿಸಿ ಅದರ ಬಿಗಿತವನ್ನು ಅಳೆಯುವ ಉಪಕರಣಗಳು ಇಂದು ಇವೆ. “ಒಂದೇ ದಿನದಲ್ಲಿ ಹಲ್ಲು” ಎಂಬ ಮಾತು ಸುಳ್ಳಲ್ಲ. ಆದರೆ ಅದು ಎಲ್ಲ ಬಾಯಿಗಳಿಗೂ ಸಲ್ಲುವ ಮಾತಲ್ಲ. ತೀರ್ಪು ಕೊಡಬೇಕಾದುದು ಅಳತೆ, ಅವಸರವಲ್ಲ.

ಎಷ್ಟು ಬೇರುಗಳು?

ಹೋದ ಪ್ರತಿಯೊಂದು ಹಲ್ಲಿಗೂ ಒಂದೊಂದು ಬೇರು ಬೇಕಿಲ್ಲ. ಸಾಲಾಗಿ ಹೋದ ಮೂರು ಹಲ್ಲುಗಳಿಗೆ ಎರಡು ಬೇರುಗಳು ಸಾಮಾನ್ಯವಾಗಿ ಸಾಕು. ಬೇರು ಬೇರಿನ ನಡುವೆ ಸುಮಾರು 3 ಮಿಲಿಮೀಟರ್, ಬೇರಿಗೂ ನೆರೆಹಲ್ಲಿಗೂ ನಡುವೆ 1.5 ಮಿಲಿಮೀಟರ್ ಎಲುಬು ಉಳಿಯಬೇಕು. ಇಕ್ಕಟ್ಟಾಗಿ ನೆಟ್ಟರೆ ನಡುವಿನ ಎಲುಬು ಸೊರಗುತ್ತದೆ.

ಕೆಳದವಡೆಯಲ್ಲಿ ಒಂದೂ ಹಲ್ಲಿಲ್ಲದವರಿಗೆ, ಮುಂಭಾಗದಲ್ಲಿ ಎರಡೇ ಬೇರುಗಳನ್ನು ನೆಟ್ಟು ಸೆಟ್ಟನ್ನು ಗುಂಡಿ ಹಾಕಿದಂತೆ ಅವಕ್ಕೆ ಸಿಕ್ಕಿಸುವುದೇ ಮೊದಲ ಆಯ್ಕೆಯಾಗತಕ್ಕದ್ದೆಂದು 2002ರಲ್ಲಿ ಮಾಂಟ್ರಿಯಲ್ಲಿನ ಮೆಕ್‌ಗಿಲ್ ವಿಶ್ವವಿದ್ಯಾನಿಲಯದಲ್ಲಿ ಸೇರಿದ ತಜ್ಞರು ನಿರ್ಣಯಿಸಿದರು. ಅಲುಗಾಡುವ ಸೆಟ್ಟಿನಿಂದ ಬೇಸತ್ತವರಿಗೆ ಕಡಿಮೆ ಖರ್ಚಿನಲ್ಲಿ ದೊರೆಯುವ ದೊಡ್ಡ ನೆಮ್ಮದಿಯಿದು. ತೆಗೆಯದ ಹಲ್ಲಿನ ಸಾಲೇ ಬೇಕೆನ್ನುವವರಿಗೆ, ಪೋರ್ಚುಗಲ್ಲಿನ ಪಾವ್ಲೊ ಮಾಲೊ 1990ರ ದಶಕದಲ್ಲಿ ರೂಢಿಗೆ ತಂದ ನಾಲ್ಕು ಬೇರುಗಳ ವಿಧಾನವಿದೆ. ಮುಂದಿನ ಎರಡು ನೆಟ್ಟಗೆ, ಹಿಂದಿನ ಎರಡು ಓರೆಯಾಗಿ. ಓರೆಯಿಂದ ಕೆಳದವಡೆಯ ನರವೂ ಮೇಲ್ದವಡೆಯ ಗಾಳಿಗೂಡೂ ತಪ್ಪುತ್ತವೆ. ಆಧಾರವಿಲ್ಲದೆ ಹಿಂದಕ್ಕೆ ಚಾಚಿದ ಭಾಗವೂ ಗಿಡ್ಡವಾಗುತ್ತದೆ. ಚಾಚು ಉದ್ದವಾದಷ್ಟೂ ಕೊನೆಯ ಕಂಬದ ಮೇಲಿನ ಬಾಗಿಸುವ ಬಲ ಏರುತ್ತದೆಂಬುದು ಸನ್ನೆಯ ನಿಯಮ. ನಾಲ್ವರಲ್ಲಿ ಒಬ್ಬ ಹೊರೆಯಾಳು ಬಿದ್ದರೆ ಇಡೀ ಪಲ್ಲಕ್ಕಿಗೆ ಅಪಾಯ. ಆರಿದ್ದರೆ ಸ್ವಲ್ಪ ಧೈರ್ಯ. ಆದರೆ ಆರಕ್ಕೆ ತಕ್ಕ ಎಲುಬೂ ಹಣವೂ ಇರಬೇಕು.

ನೆಟ್ಟ ಮೇಲಿನ ಮಾತು

ಕೃತಕ ಬೇರಿಗೆ ನಾರಿನ ಪದರವಿಲ್ಲ. ಹುಟ್ಟುಹಲ್ಲಿನಂತೆ ಅದು ಒತ್ತಡಕ್ಕೆ ಬಾಗಿ ಎಚ್ಚರಿಸುವುದಿಲ್ಲ. ನಿದ್ದೆಯಲ್ಲಿ ಹಲ್ಲು ಕಡಿಯುವವರು ಇದನ್ನು ವೈದ್ಯರಿಗೆ ಮುಂಚಿತವಾಗಿ ತಿಳಿಸಬೇಕು. ಅದಕ್ಕೆ ಹುಳುಕು ಹಿಡಿಯದು ನಿಜ. ಆದರೆ ಸುತ್ತಲಿನ ಒಸಡಿಗೆ ಕೊಳೆ ಕಟ್ಟಿದರೆ ಎಲುಬು ಸದ್ದಿಲ್ಲದೆ ಸವೆಯುತ್ತದೆ. ಹೊಗೆಬತ್ತಿ ಸೇದುವವರಿಗೂ ಹತೋಟಿಗೆ ಬಾರದ ಸಕ್ಕರೆ ಕಾಯಿಲೆಯುಳ್ಳವರಿಗೂ ಈ ಭಯ ಹೆಚ್ಚು. ಎಲುಬು ಸವೆತಕ್ಕೆ ಔಷಧಿ ತೆಗೆದುಕೊಳ್ಳುತ್ತಿರುವವರು ಅದನ್ನು ಮರೆಮಾಚಬಾರದು. ಬೆಳೆಯುವ ವಯಸ್ಸಿನವರಿಗೆ ನೆಟ್ಟರೆ ದವಡೆ ಬೆಳೆದು ಬೇರು ಹಿಂದುಳಿಯುತ್ತದೆ, ಅವರು ಕಾಯಲೇಬೇಕು.

ಹೀಗಿರಲು, ವಾಚಕರು ದಂತವೈದ್ಯರ ಬಳಿ ಯಾವ ಕಂಪನಿಯ ಮಾಲು ಎಂದು ಕೇಳುವ ಮುನ್ನ ಈ ಪ್ರಶ್ನೆಗಳನ್ನು ಕೇಳಲಿ: ಈ ಹಲ್ಲಿನ ಹೊರೆ ಯಾರ ಮೇಲೆ ಬೀಳುತ್ತದೆ? ಅದನ್ನು ಹೊರುವಷ್ಟು ಎಲುಬು ಅಲ್ಲಿದೆಯೆ, ಅಳೆದು ನೋಡಿದ್ದೀರಾ? ನೆರೆಯ ಹಲ್ಲುಗಳ ಸ್ಥಿತಿ ಹೇಗಿದೆ? ಒಂದು ಬೇರು ಸೋತರೆ ಮುಂದಿನ ಉಪಾಯವೇನು? ಇದನ್ನು ದಿನವೂ ತೊಳೆಯಲು ನನ್ನ ಕೈಗೆ ಎಟುಕುತ್ತದೆಯೆ? ಇವಕ್ಕೆ ತಾಳ್ಮೆಯಿಂದ ಉತ್ತರಿಸುವ ವೈದ್ಯರು ದೊರೆತರೆ ಅರ್ಧ ಆಯ್ಕೆ ಆದಂತೆಯೇ. ಉಳಿದರ್ಧವನ್ನು ನಮ್ಮ ಬಾಯಿಯ ಎಲುಬೇ ಹೇಳಿಕೊಡುತ್ತದೆ.