ದೂರದ ದಾರಿ, ಬೇಗನೆ ಪಯಣ

ದೂರವನ್ನು ವೇಗದಿಂದ ಭಾಗಿಸಿದರೆ ಪ್ರಯಾಣದ ಕಾಲ ದೊರೆಯುವುದೆಂಬುದು ನಾವೆಲ್ಲರೂ ಶಾಲೆಯಲ್ಲಿ ಕಲಿತ ಲೆಕ್ಕ. ಹಾಗಾದರೆ ದಾರಿ ಬೆಳೆದಂತೆ ಕಾಲವೂ ಬೆಳೆಯಬೇಕಲ್ಲವೆ? ಆಕಾಶಮಾರ್ಗದಲ್ಲಿ ಎಂದೂ ಹಾಗೆಯೇ ಆಗುವುದೆಂದು ಹೇಳಲಾಗದು.

ದಿಲ್ಲಿಯಿಂದ ಅಮೆರಿಕದ ಸಾನ್ ಫ್ರಾನ್ಸಿಸ್ಕೋ ನಗರಕ್ಕೆ ಏರ್ ಇಂಡಿಯಾ ವಿಮಾನವು ಮೊದಲು ಪಶ್ಚಿಮಾಭಿಮುಖವಾಗಿ, ಅಟ್ಲಾಂಟಿಕ್ ಸಾಗರವನ್ನು ದಾಟಿ ಹೋಗುತ್ತಿತ್ತು. ಆ ದಾರಿಯ ಉದ್ದ ಸುಮಾರು 13,900 ಕಿಲೋಮೀಟರು. 2016ರ ಅಕ್ಟೋಬರಿನಲ್ಲಿ ಅದು ಪೂರ್ವಕ್ಕೆ ಮುಖಮಾಡಿ ಶಾಂತಸಾಗರದ ಮೇಲೆ ಹಾರಿತು. ದಾರಿ ಸುಮಾರು 15,300 ಕಿಲೋಮೀಟರಿಗೆ ಬೆಳೆಯಿತು. ಆದರೂ ಪ್ರಯಾಣವು ಸುಮಾರು 14.5 ಗಂಟೆಗಳಲ್ಲಿ ಮುಗಿದು, ಹೆಚ್ಚುಕಡಿಮೆ ಎರಡು ಗಂಟೆಗಳ ಕಾಲ ಉಳಿಯಿತು!

ಈ ಒಗಟಿಗೆ ಉತ್ತರ ಗಾಳಿಯಲ್ಲಿದೆ. ಭೂಮಧ್ಯರೇಖೆಯ ಬಳಿಯ ಗಾಳಿಯು ಭೂಮಿಯೊಡನೆ ಅತಿವೇಗದಿಂದ ಪೂರ್ವಕ್ಕೆ ಸುತ್ತುತ್ತಿರುತ್ತದೆ. ಕಾದು ಮೇಲೇರಿದ ಆ ಗಾಳಿ ಧ್ರುವದ ಕಡೆಗೆ ಸರಿದಾಗ, ಅಲ್ಲಿ ನಿಧಾನವಾಗಿ ಸುತ್ತುವ ನೆಲಕ್ಕಿಂತ ಮುಂದೋಡುತ್ತದೆ. ಸುಮಾರು ಹತ್ತು ಕಿಲೋಮೀಟರು ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ರಭಸದಿಂದ ಹರಿಯುವ ಇಂಥ ವಾಯುಪ್ರವಾಹಗಳಿಗೆ 'ಜೆಟ್ ಪ್ರವಾಹ'ಗಳೆಂದು ಹೆಸರು.

ಈಗ ಲೆಕ್ಕ ಮಾಡಿ ನೋಡೋಣ. 15,300ನ್ನು 14.5ರಿಂದ ಭಾಗಿಸಿದರೆ ಗಂಟೆಗೆ ಸುಮಾರು 1,055 ಕಿಲೋಮೀಟರು ಬರುತ್ತದೆ. ಇದು ನೆಲದಿಂದ ಅಳೆದ ವೇಗ. ಗಾಳಿಯನ್ನು ಸೀಳಿ ಸಾಗುವ ವಿಮಾನದ ಸ್ವಂತ ವೇಗವಾದರೋ ಗಂಟೆಗೆ ಸುಮಾರು 900 ಕಿಲೋಮೀಟರು. ಉಳಿದ ನೂರೈವತ್ತರಷ್ಟು ಬೆನ್ನ ಹಿಂದಿನ ಗಾಳಿಯ ಕೊಡುಗೆ! ಪಶ್ಚಿಮಕ್ಕೆ ಹಾರುವಾಗ ಇದೇ ಗಾಳಿ ಎದುರಾಗಿ, ಸ್ವಂತ ವೇಗದಿಂದ ಅದನ್ನು ಕಳೆಯಬೇಕಾಗುತ್ತದೆ.

ಸೆಳವಿನೊಡನೆ ಸಾಗುವ ದೋಣಿಗೆ ಹುಟ್ಟಿನ ಶ್ರಮ ಕಡಿಮೆ. ಅಂತೆಯೇ ಇಲ್ಲಿ ಕಾಲದೊಡನೆ ಇಂಧನವೂ ಉಳಿಯುತ್ತದೆ. ಆದುದರಿಂದಲೇ ವಿಮಾನದ ದಾರಿಯನ್ನು ನಿಶ್ಚಯಿಸುವವರು ಭೂಪಟದ ಜೊತೆಗೆ ಆಯಾ ದಿನದ ಗಾಳಿಯ ನಕ್ಷೆಯನ್ನೂ ಬಿಡಿಸಿಟ್ಟುಕೊಳ್ಳುತ್ತಾರೆ.