ಮೈಸೂರಿಗೆ ಬಂದ ಫ್ಲಾಹರ್ಟಿ

(ಆಕಾಶವಾಣಿ ಭಾಷಣ)

ಗೋಕಾಕದ ಕುಶಲಕರ್ಮಿಗಳು ಹಗುರಾದ ಮರದಲ್ಲಿ ಕೆತ್ತಿ ಬಣ್ಣ ಹಚ್ಚಿದ ಹಣ್ಣುಗಳನ್ನು ನಿಮ್ಮಲ್ಲಿ ಅನೇಕರು ಕಂಡಿರಬಹುದು. ತಟ್ಟೆಯಲ್ಲಿಟ್ಟ ಮಾವಿನ ಹಣ್ಣಿಗೆ ಅತಿಥಿ ಕೈ ಚಾಚುತ್ತಾನೆ. ಅದರ ತೂಕ ಕೈಗೆ ತಿಳಿದೊಡನೆ ನಕ್ಕು ಕೆಳಗಿಡುತ್ತಾನೆ. ಯಾರಿಗೂ ಮೋಸವಾಗುವುದಿಲ್ಲ, ಏಕೆಂದರೆ ಕುಶಲಕರ್ಮಿ ಅದನ್ನು ಹಣ್ಣೆಂದು ಹೇಳಿ ಮಾರಿರುವುದಿಲ್ಲ. ಆದರೆ ಒಬ್ಬ ಚಲನಚಿತ್ರಕಾರ ತಾನೇ ಕಟ್ಟಿ ನಿಲ್ಲಿಸಿದ ಬದುಕನ್ನು ಕ್ಯಾಮರಾದಲ್ಲಿ ಹಿಡಿದು, ಇದು ಇದ್ದದ್ದು ಇದ್ದ ಹಾಗೆ ಎಂದು ಲೋಕಕ್ಕೆ ತೋರಿಸಿದರೆ ಅದನ್ನು ಏನೆಂದು ಕರೆಯಬೇಕು? ಅಮೆರಿಕದ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿಯ ಹೆಸರಿನೊಡನೆ ಈ ಪ್ರಶ್ನೆ ಇಂದಿಗೂ ಅಂಟಿಕೊಂಡಿದೆ. ಆತನ ಬಾಳಿನ ಒಂದು ವರ್ಷಕ್ಕೂ ಮಿಕ್ಕ ಕಾಲ ಕಳೆದದ್ದು ನಮ್ಮ ಕನ್ನಡ ನೆಲದಲ್ಲಿ ಎಂಬುದು ಬಹಳ ಮಂದಿಗೆ ತಿಳಿಯದು.

ಮೂಡಲಗಿಯಲ್ಲಾಗಲಿ ಹುಕ್ಕೇರಿಯಲ್ಲಾಗಲಿ ಟೂರಿಂಗ್ ಟಾಕೀಸಿನ ಡೇರೆಯಲ್ಲಿ ಕುಳಿತು ಸಿನಿಮಾ ನೋಡಿದವರಿಗೆ ಒಂದು ಸಂಗತಿ ನೆನಪಿರಬೇಕು. ಮುಖ್ಯ ಚಿತ್ರಕ್ಕೆ ಮೊದಲು ಫಿಲ್ಮ್ಸ್ ಡಿವಿಜನ್ನಿನ ಒಂದು ಸಾಕ್ಷ್ಯಚಿತ್ರ ಬರುತ್ತಿತ್ತು. ಜನ ಆಗ ಬೀಡಿ ಸೇದಲು ಹೊರಗೆ ಹೋಗುತ್ತಿದ್ದರು. ಆ ಚಿತ್ರಪ್ರಕಾರದ ಮೂಲಪುರುಷನೆಂದು ಲೋಕ ಕರೆದದ್ದು ಈ ಫ್ಲಾಹರ್ಟಿಯನ್ನೇ. 1926ರಲ್ಲಿ ಆತನ ಎರಡನೆಯ ಚಿತ್ರ 'ಮೋಆನಾ'ವನ್ನು ವಿಮರ್ಶಿಸುತ್ತ ಜಾನ್ ಗ್ರಿಯರ್ಸನ್ ಬಳಸಿದ 'ಡಾಕ್ಯುಮೆಂಟರಿ' ಎಂಬ ಮಾತೇ ಮುಂದೆ ಆ ಪ್ರಕಾರಕ್ಕೆ ಹೆಸರಾಗಿ ನಿಂತಿತು.

ಫ್ಲಾಹರ್ಟಿ ಹುಟ್ಟಿದ್ದು 1884ರ ಫೆಬ್ರವರಿ 16ರಂದು, ಮಿಶಿಗನ್ ಸಂಸ್ಥಾನದ ಐರನ್ ಮೌಂಟನ್ ಎಂಬ ಊರಿನಲ್ಲಿ. ತಂದೆ ಗಣಿಯ ಉದ್ಯಮದವರು. ಮಗನೂ ಅದಿರನ್ನು ಹುಡುಕುತ್ತಲೇ ಬೆಳೆದ. 1910ರಿಂದ ಕೆನಡಾದ ರೈಲ್ವೆ ಉದ್ಯಮಿ ವಿಲಿಯಂ ಮೆಕೆಂಝಿಯ ಪರವಾಗಿ ಹಡ್ಸನ್ ಕೊಲ್ಲಿಯ ಹಿಮಪ್ರದೇಶದಲ್ಲಿ ಅಲೆದಾಡಿದ. 1913ರ ಯಾತ್ರೆಗೆ ಹೊರಟಾಗ ಒಂದು ಚಲನಚಿತ್ರ ಕ್ಯಾಮರಾ ಒಯ್ಯುವಂತೆ ಸೂಚಿಸಿದವನು ಮೆಕೆಂಝಿಯೇ. ತೆಗೆದ ಚಿತ್ರವನ್ನು 1916ರಲ್ಲಿ ಟೊರಾಂಟೋದಲ್ಲಿ ಜೋಡಿಸುತ್ತಿದ್ದಾಗ ಸಿಗರೇಟಿನ ಕಿಡಿ ಬಿದ್ದು ನೆಗೆಟಿವ್ ಎಲ್ಲ ಭಸ್ಮವಾಯಿತು. ಉಳಿದ ಒಂದು ಪ್ರತಿಯನ್ನು ನೋಡಿದಾಗ ಆತನಿಗೆ ಅನ್ನಿಸಿದ್ದು, ಹೋದದ್ದೇ ಒಳ್ಳೆಯದಾಯಿತೆಂದು. ಅದರಲ್ಲಿ ಬಿಡಿಬಿಡಿ ದೃಶ್ಯಗಳಿದ್ದವೇ ಹೊರತು ಒಬ್ಬ ಮನುಷ್ಯನ ಬದುಕು ಇರಲಿಲ್ಲ. ತುಪ್ಪಳದ ವ್ಯಾಪಾರಸಂಸ್ಥೆಯಾದ ರೆವಿಯೋನ್ ಫ್ರೇರ್‌ನ ಹಣದಿಂದ 1920ರಲ್ಲಿ ಮತ್ತೆ ಹೋಗಿ ತೆಗೆದ ಚಿತ್ರವೇ 1922ರಲ್ಲಿ ತೆರೆಕಂಡ 'ನಾನೂಕ್ ಆಫ್ ದಿ ನಾರ್ತ್'.

ಈ ಚಿತ್ರದ ಸೊಬಗನ್ನು ಅಲ್ಲಗಳೆಯುವವರಿಲ್ಲ. ಆದರೆ ನಾನೂಕನ ನಿಜವಾದ ಹೆಸರು ಅಲ್ಲಕರಿಯಲ್ಲಕ್. ಚಿತ್ರದಲ್ಲಿ ಅವನ ಹೆಂಡತಿಯಾಗಿ ಕಾಣುವವಳು ಅವನ ಹೆಂಡತಿಯಲ್ಲ. ಅಲ್ಲಿನ ಇನ್ಯುಯಿಟ್ ಜನ, ನಾವು ಹಿಂದೆ ಎಸ್ಕಿಮೋ ಎನ್ನುತ್ತಿದ್ದವರು, ಆ ಹೊತ್ತಿಗಾಗಲೇ ಕೋವಿಯಿಂದ ಬೇಟೆಯಾಡುತ್ತಿದ್ದರು. ಫ್ಲಾಹರ್ಟಿ ಅವರ ಕೈಗೆ ಅಜ್ಜಂದಿರ ಕಾಲದ ಈಟಿ ಕೊಟ್ಟ. ಹಿಮದ ಮನೆಯೊಳಗೆ ಬೆಳಕು ಸಾಲದೆಂದು ಅರ್ಧ ಗೋಡೆಯಿಲ್ಲದ ಮನೆಯನ್ನು ಕಟ್ಟಿಸಿದ. ಕಥಾನಾಯಕಿಯಾಗಿ ಕಾಣುವ ಹೆಂಗಸಿಗೆ ಆತನಿಂದ ಜೋಸೆಫಿ ಎಂಬ ಮಗ ಹುಟ್ಟಿದ. ಆ ಮಗನನ್ನು ತಂದೆ ಕಣ್ಣಿನಿಂದಲೂ ಕಾಣಲಿಲ್ಲ. 1934ರ 'ಮ್ಯಾನ್ ಆಫ್ ಏರನ್' ಚಿತ್ರಕ್ಕಾಗಿ ಐರ್ಲೆಂಡಿನ ದ್ವೀಪವಾಸಿಗಳಿಗೆ ಅವರು ಎಂದೋ ಮರೆತಿದ್ದ ಮೀನುಬೇಟೆಯನ್ನು ಹೊಸದಾಗಿ ಕಲಿಸಿದ. ಅಳಿಯುತ್ತಿರುವುದನ್ನು ಅಳಿಯುವ ಮೊದಲು ಹಿಡಿದಿಡುವುದು ತನ್ನ ಕೆಲಸವೆಂದು ಆತ ನಂಬಿದ್ದ. ನಂಬಿಕೆ ಪ್ರಾಮಾಣಿಕವೇ. ಆದರೆ ಬದುಕಿರುವ ಜನರನ್ನು ಅವರ ಅಜ್ಜಂದಿರ ವೇಷದಲ್ಲಿ ನಿಲ್ಲಿಸುವುದು ಅವರಿಗೆ ಸಲ್ಲಿಸುವ ಗೌರವವೋ ಅಲ್ಲವೋ ಎಂಬ ಅನುಮಾನ ನನಗಂತೂ ಹೋಗಿಲ್ಲ.

ಇಂಥ ಮನುಷ್ಯ ಮೈಸೂರಿಗೆ ಬಂದದ್ದು 1935ರಲ್ಲಿ. ಲಂಡನ್ನಿನ ನಿರ್ಮಾಪಕ ಅಲೆಕ್ಸಾಂಡರ್ ಕೋರ್ಡಾ ಕಿಪ್ಲಿಂಗನ 'ಜಂಗಲ್ ಬುಕ್'ನಲ್ಲಿರುವ ತೂಮೈ ಎಂಬ ಮಾವುತರ ಹುಡುಗನ ಕಥೆಯನ್ನು ಚಿತ್ರವಾಗಿಸಲು ಆತನನ್ನು ಕಳುಹಿಸಿದ. ಆನೆಗಳು ಇರುಳಿನಲ್ಲಿ ಕಾಡಿನ ನಡುವೆ ಸೇರಿ ನರ್ತಿಸುತ್ತವೆ. ಅದನ್ನು ಕಂಡ ಮನುಷ್ಯನಿಲ್ಲ. ಆ ಹುಡುಗ ಕಾಣುತ್ತಾನೆ. ಕಥೆ ನಡೆಯುವುದು ಈಶಾನ್ಯದ ಗಾರೋ ಬೆಟ್ಟಗಳಲ್ಲಿ. ಆದರೂ ಮೈಸೂರನ್ನು ಆರಿಸಿಕೊಂಡದ್ದರಲ್ಲಿ ಒಂದು ವಿಚಿತ್ರ ಔಚಿತ್ಯವಿತ್ತು. ಕಥೆಯಲ್ಲಿ ಬರುವ ಪೀಟರ್ಸನ್ ಸಾಹೇಬನಿಗೆ ಮಾದರಿ ಜಿ. ಪಿ. ಸ್ಯಾಂಡರ್ಸನ್ ಎಂದು ಕಿಪ್ಲಿಂಗನನ್ನು ಅಭ್ಯಾಸ ಮಾಡಿದವರು ಹೇಳುತ್ತಾರೆ. ಈ ಸ್ಯಾಂಡರ್ಸನ್ ಮೈಸೂರು ಸರ್ಕಾರದ ನೀರಾವರಿ ಕೆಲಸದಲ್ಲಿದ್ದವನು. 1874ರಲ್ಲಿ ಮೈಸೂರಿನ ಕಾಡಿನಲ್ಲಿ ಮೊದಲ ಬಾರಿಗೆ ಖೆಡ್ಡಾ ನಡೆಸಿ ಆನೆಯ ಹಿಂಡನ್ನು ಹಿಡಿದವನು. ಗಾರೋ ಬೆಟ್ಟಗಳಿಗೆ ಹೋದದ್ದು ಆಮೇಲೆ. ಹೀಗೆ ಕಥೆ ತನ್ನ ತವರಿಗೇ ಮರಳಿತೆನ್ನಬೇಕು.

ಆಗ ಮಹಾರಾಜರಾಗಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರು. ಅರಮನೆಯ ಆನೆಗಳೂ ಕಾಕನಕೋಟೆಯ ಕಾಡೂ ಚಿತ್ರತಂಡಕ್ಕೆ ದೊರೆತವು. ಬಿಡಾರಕ್ಕೆ ಚಿತ್ತರಂಜನ ಮಹಲು ದೊರೆಯಿತು. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' ಹೊರಬಂದು ಆಗಿನ್ನೂ ಒಂದು ವರ್ಷ. ನಮ್ಮಲ್ಲಿ ಸ್ಟುಡಿಯೋ ಇಲ್ಲದೆ ಅದನ್ನು ನಮ್ಮ ಹುಕ್ಕೇರಿಯ ನೆರೆಯಲ್ಲಿರುವ ಕೊಲ್ಲಾಪುರಕ್ಕೆ ಹೋಗಿ ತೆಗೆಯಬೇಕಾಗಿತ್ತು ಎಂಬುದನ್ನು ನೆನೆದರೆ ಈ ಸಿರಿವಂತಿಕೆಯ ಅಂತರ ತಿಳಿದೀತು. ಫ್ಲಾಹರ್ಟಿಯ ಹೆಂಡತಿ ಫ್ರಾನ್ಸಿಸ್ ಮೈಸೂರಿನಿಂದ ತನ್ನ ಹೆಣ್ಣುಮಕ್ಕಳಿಗೆ ಬರೆದ ಪತ್ರಗಳು 1937ರಲ್ಲಿ 'ಎಲಿಫೆಂಟ್ ಡಾನ್ಸ್' ಎಂಬ ಪುಸ್ತಕವಾಗಿ ಬಂದಿವೆ.

ಕಥೆಗೆ ಬೇಕಾದ ಹುಡುಗ ಕಾರಾಪುರದಲ್ಲಿ ಸಿಕ್ಕಿದ. ಅವನನ್ನು ಗುರುತಿಸಿದವನು ತಂಡದ ಛಾಯಾಗ್ರಾಹಕ ಬೊರಡೇಲ್ ಎಂಬುದು ಪ್ರಸಿದ್ಧ. ಹುಡುಗನ ಹೆಸರು ಸಾಬು, ಹುಟ್ಟಿದ್ದು 1924ರಲ್ಲಿ. ತಂದೆ ಮಹಾರಾಜರ ಮಾವುತನಾಗಿದ್ದು ತೀರಿಕೊಂಡಿದ್ದ, ತಾಯಿಯೂ ಇರಲಿಲ್ಲ. ಆನೆಯ ಲಾಯವೇ ಹುಡುಗನ ಮನೆಯಾಗಿತ್ತು. ಇಲ್ಲಿ ಫ್ಲಾಹರ್ಟಿಯ ಹಳೆಯ ತೊಡಕು ತಾನಾಗಿಯೇ ಬಿಡಿಸಿಕೊಂಡಿತು. ಸಾಬುವಿಗೆ ಯಾವ ವೇಷವನ್ನೂ ತೊಡಿಸಬೇಕಾಗಿರಲಿಲ್ಲ. ಆನೆಯ ಸೊಂಡಿಲು ಹಿಡಿದು ಮೇಲೇರುವುದು, ಹೊಳೆಯಲ್ಲಿ ಅದರ ಮೈ ಉಜ್ಜುವುದು, ಅದರ ಕಿವಿಯ ಹಿಂದೆ ಕುಳಿತು ಪಿಸುಮಾತಾಡುವುದು, ಇದೆಲ್ಲ ಅವನ ದಿನದ ಬಾಳು. ಐರಾವತ ಎಂಬ ದೊಡ್ಡ ಆನೆ ಕಾಲಾನಾಗನ ಪಾತ್ರ ವಹಿಸಿತು. ಚಿತ್ರದ ಈ ಭಾಗಗಳಲ್ಲಿ ಹುಡುಗ ನಟಿಸುತ್ತಿದ್ದಾನೆಂದು ಒಮ್ಮೆಯೂ ಅನ್ನಿಸುವುದಿಲ್ಲ.

ತೊಂದರೆ ಬೇರೆ ಕಡೆಯಿಂದ ಬಂತು. ಫ್ಲಾಹರ್ಟಿಗೆ ಬರೆದಿಟ್ಟ ಚಿತ್ರಕಥೆಯೆಂದರೆ ಆಗದು. ನೋಡುತ್ತ ಇರಬೇಕು, ಕಾಯಬೇಕು, ಬೇಕಾದ್ದಕ್ಕಿಂತ ಹತ್ತಾರು ಪಟ್ಟು ತೆಗೆಯಬೇಕು. ಅದರೊಳಗಿಂದ ಕಥೆ ಮೂಡಿ ಬರಬೇಕು. ನಮ್ಮ ಮುಂಗಾರೂ ತನ್ನ ಪಾಲಿನ ತಿಂಗಳುಗಳನ್ನು ನುಂಗಿತು. ಆತ ತೆಗೆದದ್ದು ಸುಮಾರು 3 ಲಕ್ಷ ಅಡಿ, ಎಂದರೆ 55 ಗಂಟೆ ಓಡುವಷ್ಟು ಫಿಲ್ಮು. ಲಂಡನ್ನಿನಲ್ಲಿ ಹಣ ಹಾಕಿದವರ ತಾಳ್ಮೆ ತೀರಿತು. ಕೋರ್ಡಾ ತನ್ನ ತಮ್ಮ ಝೋಲ್ಟಾನನನ್ನು ಕಳುಹಿಸಿದ. 1936ರಲ್ಲಿ ಎಲ್ಲರನ್ನೂ ವಾಪಸು ಕರೆಸಿಕೊಂಡ. ಸಾಬುವೂ ಅಣ್ಣನೊಡನೆ ಹಡಗು ಹತ್ತಿದ. ಕಥೆ ಬರೆದ ಕಿಪ್ಲಿಂಗ್ ಆ ವರ್ಷದ ಜನವರಿಯಲ್ಲೇ ತೀರಿಕೊಂಡಿದ್ದ.

ಲಂಡನ್ನಿನ ಬಳಿಯ ಡೆನ್‌ಹ್ಯಾಮ್ ಸ್ಟುಡಿಯೋದಲ್ಲಿ ಝೋಲ್ಟಾನ್ ಉಳಿದ ಕಥೆಯನ್ನು ತೆಗೆದ. ಇಂಗ್ಲಿಷ್ ನಟರು ಸಾಹೇಬರಾದರು, ಇನ್ನು ಕೆಲವರು ಮುಖಕ್ಕೆ ಬಣ್ಣ ಬಳಿದುಕೊಂಡು ಭಾರತೀಯರಾದರು. ಆನೆಗಳ ನರ್ತನಕ್ಕಂತೂ ಕೃತಕವಾದ ಆನೆಗಾಲುಗಳನ್ನು ಮಾಡಿಸಿ ನೆಲಕ್ಕೆ ಕುಟ್ಟಿಸಿದರು! ಈಟಿಯನ್ನೂ ಅರ್ಧ ಮನೆಯನ್ನೂ ಅಣಿಗೊಳಿಸಿದ್ದ ಫ್ಲಾಹರ್ಟಿಗೆ ಇದು ವಿಧಿಯ ಹಾಸ್ಯವಾಗಿ ಕಂಡಿತೋ ಏನೋ. ಆದರೂ ಎರಡೂ ಒಂದೇ ಎನ್ನಲಾರೆ. ಅಲ್ಲಕರಿಯಲ್ಲಕನ ಈಟಿ ಹಳೆಯದಾದರೂ ಅದನ್ನು ಎಸೆಯುವ ತೋಳು ಅವನದೇ, ಎದುರಿಗಿದ್ದ ಚಳಿಯೂ ನಿಜ. ಡೆನ್‌ಹ್ಯಾಮಿನ ಆನೆಗಾಲಿನೊಳಗೆ ಆನೆಯೇ ಇರಲಿಲ್ಲ. 1937ರಲ್ಲಿ 'ಎಲಿಫೆಂಟ್ ಬಾಯ್' ಹೊರಬಂದಾಗ ಅದು ಸುಮಾರು 80 ನಿಮಿಷಗಳ ಚಿತ್ರ. ವೆನಿಸ್ಸಿನ ಉತ್ಸವದಲ್ಲಿ ನಿರ್ದೇಶನದ ಪ್ರಶಸ್ತಿಯನ್ನು ಇಬ್ಬರ ಹೆಸರಿಗೂ ಕೊಟ್ಟರು. ಗಮನವಿಟ್ಟು ನೋಡಿದವರಿಗೆ ಎಲ್ಲಿ ಕಾಕನಕೋಟೆ ಮುಗಿದು ಡೆನ್‌ಹ್ಯಾಮ್ ಮೊದಲಾಗುತ್ತದೆಂಬುದು ಬೆಳಕಿನಿಂದಲೇ ತಿಳಿಯುತ್ತದೆ.

ಫ್ಲಾಹರ್ಟಿ ಮತ್ತೆ ಅಮೆರಿಕಕ್ಕೆ ಮರಳಿದ. 1948ರ 'ಲೂಯಿಸಿಯಾನ ಸ್ಟೋರಿ'ಯಲ್ಲಿ ಮತ್ತೊಬ್ಬ ಹುಡುಗನನ್ನು ಜೌಗುನೆಲದ ನೀರಿನಲ್ಲಿ ದೋಣಿ ನಡೆಸುವಂತೆ ತೋರಿಸಿದ. ಅದಕ್ಕೆ ಹಣ ಕೊಟ್ಟದ್ದು ಒಂದು ಎಣ್ಣೆ ಕಂಪನಿ. 1951ರ ಜುಲೈ 23ರಂದು ತೀರಿಕೊಂಡ.

ಸಾಬುವಿನ ದಾರಿ ಬೇರೆಯಾಯಿತು. 1940ರ 'ಥೀಫ್ ಆಫ್ ಬಾಗ್ದಾದ್' ಅವನನ್ನು ಲೋಕವಿಖ್ಯಾತನನ್ನಾಗಿ ಮಾಡಿತು. 1944ರಲ್ಲಿ ಅಮೆರಿಕದ ಪೌರನಾದ; ಅವರ ವಾಯುಪಡೆಯಲ್ಲಿ ಗನ್ನರನಾಗಿ ಯುದ್ಧಮಾಡಿ ಪದಕ ಪಡೆದ. ಆದರೆ ಹಾಲಿವುಡ್ಡಿಗೆ ಅವನು ಕೊನೆಯವರೆಗೂ ರುಮಾಲು ಸುತ್ತಿದ ಹುಡುಗನೇ. ವಯಸ್ಸು ಮೂವತ್ತು ದಾಟಿದರೂ ಕಾಡು, ಹುಲಿ, ಮಾಯಾದೀಪಗಳ ಪಾತ್ರಗಳೇ ಬಂದವು. ಲಾಯದಲ್ಲಿ ಅವನಿಗೆ ಸಹಜವಾಗಿದ್ದ ಬದುಕು ಅಲ್ಲಿ ಹೊತ್ತು ತಿರುಗಬೇಕಾದ ವೇಷವಾಯಿತು. 1963ರ ಡಿಸೆಂಬರ್ 2ರಂದು, 39ನೆಯ ವಯಸ್ಸಿನಲ್ಲಿ, ಹೃದಯಾಘಾತದಿಂದ ತೀರಿಕೊಂಡ. ಹುಡುಗನನ್ನು ಕಾರಾಪುರದಿಂದ ಕರೆದೊಯ್ದದ್ದು ಅನ್ಯಾಯವೆನ್ನೋಣವೆಂದರೆ, ಲಾಯದಲ್ಲೇ ಉಳಿದಿದ್ದರೆ ಅವನ ಪಾಡೇನಾಗುತ್ತಿತ್ತೆಂದು ಬಲ್ಲವರಾರು? ಅನಾಥನಿಗೆ ಕೈಹಿಡಿದು ದಾರಿ ತೋರಿದರೆಂಬುದೂ ನಿಜವೇ.

ಕಾಕನಕೋಟೆಯಲ್ಲಿ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷ ವನ್ಯಜೀವಿ ಸಂರಕ್ಷಣೆಯ ಕಾಯಿದೆ ಬಂತು; 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದು ಆ ಕಾಡಿನ ದೊಡ್ಡ ಭಾಗ ನೀರಿನಡಿಗೆ ಹೋಯಿತು. ಹೊಳೆಗೆ ಇಳಿಯುವ ಹಿಂಡು, ಅದರ ಹಿಂದೆ ಕೂಗುತ್ತ ಬರುವ ಕುರುಬರು ಮತ್ತು ಮಾವುತರು, ದಿಮ್ಮಿಗಳ ಬೇಲಿ, ಇವೆಲ್ಲ ಫ್ಲಾಹರ್ಟಿಯ ರೀಲುಗಳಲ್ಲಿವೆ. ಅವರಲ್ಲಿ ಯಾರಿಗೂ ಆತ ಅಜ್ಜನ ಈಟಿ ಕೊಟ್ಟಿರಲಿಲ್ಲ. ಈಗಲೂ ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಹುಲ್ಲು ಚಿಗುರಿದ ದಂಡೆಗೆ ಸುತ್ತಲ ಕಾಡುಗಳಿಂದ ನೂರಾರು ಆನೆಗಳು ಬಂದು ಸೇರುತ್ತವೆ.