ಅರ್ಧ ರಿಪೇರಿಯಾದ ಹಳೇ ಫಿಯಟ್‌ಗೆ ಬೆಲೆ ಕಟ್ಟೋದು ಹೇಗೆ?

ರಸ್ತೆಯಲ್ಲಿ ಒಂದು ಪ್ರೀಮಿಯರ್ ಪದ್ಮಿನಿ ಹೋದರೆ ಸಿಗ್ನಲ್‌ನಲ್ಲಿ ನಿಂತವರೆಲ್ಲ ಫೋನ್ ತೆಗೆದು ಫೋಟೊ ಹೊಡೆಯುತ್ತಾರೆ. ‘ನಮ್ಮ ತಾತನ ಹತ್ರಾನೂ ಇತ್ತು’ ಅಂತಾರೆ. ಅದೇ ಕಾರನ್ನು ಮಾರಾಟಕ್ಕಿಟ್ಟು ನೋಡಿ, ಫೋಟೊ ಹೊಡೆದವರಲ್ಲಿ ಒಬ್ಬರೂ ಕೊಳ್ಳೋಕೆ ಬರಲ್ಲ. ಅದೂ ಕಾರು ಅರ್ಧ ರಿಪೇರಿಯಾಗಿ ನಿಂತಿದ್ದರೆ ಕೇಳೋದೇ ಬೇಡ.

ನಮ್ಮ ಮನೆಯಲ್ಲಿದ್ದದ್ದು 1978ರ ಪದ್ಮಿನಿ. ಮೈಸೂರಿನಲ್ಲಿ ಅಪ್ಪ ನಿವೃತ್ತಿಯಾದ ಮೇಲೆ ಅದನ್ನು ಮತ್ತೆ ಹೊಸದಾಗಿ ಮಾಡಲು ಹೊರಟಿದ್ದರು. ಎಂಜಿನ್ ಕೆಲಸ ಮುಗಿದಿತ್ತು, ತುಕ್ಕು ತಿಂದ ಫ್ಲೋರ್ ಕತ್ತರಿಸಿ ಹೊಸ ಶೀಟ್ ಹಾಕಿಸಿದ್ದರು. ಬಾಡಿ ಪ್ರೈಮರ್‌ನಲ್ಲಿತ್ತು. ವೈರಿಂಗ್, ಸೀಟು, ಕ್ರೋಮ್, ಪೇಂಟ್ ಬಾಕಿ. ಅಷ್ಟರಲ್ಲಿ ಅವರ ಕಣ್ಣು ಮಂಜಾಯಿತು, ಡಾಕ್ಟರ್ ಇನ್ನು ಡ್ರೈವಿಂಗ್ ಬೇಡ ಅಂದರು. ‘ಮಾರಿಬಿಡು ಮಗಾ, ಆದರೆ ಗುಜರಿಗೆ ಹಾಕಬೇಡ’ ಅಂದರು ಅಪ್ಪ. ಮಾರುವ ಕೆಲಸ ನನ್ನ ಪಾಲಿಗೆ ಬಂತು.

ಕೊಳ್ಳುವವರು ಯಾಕೆ ಕಮ್ಮಿ?

ಮೊದಲನೇ ಕಾರಣ ವಯಸ್ಸು. ಕಾರಿನದ್ದಲ್ಲ, ಕೊಳ್ಳುವವರದ್ದು. ಸ್ಟೀರಿಂಗ್ ಪಕ್ಕದ ಗೇರ್ ಹಾಕಿ ಡ್ರೈವಿಂಗ್ ಕಲಿತವರಿಗೆ ಈಗ ಐವತ್ತು, ಅರವತ್ತು ದಾಟಿದೆ. ಆಸೆ ಇದೆ, ಓಡಾಡುವ ಶಕ್ತಿ ಇಲ್ಲ. ನಮ್ಮ ವಯಸ್ಸಿನವರಿಗೆ ಅಪಾರ್ಟ್‌ಮೆಂಟಿನಲ್ಲಿ ಇರೋದೇ ಒಂದು ಪಾರ್ಕಿಂಗ್ ಜಾಗ.

ಎರಡನೇದು, ಪದ್ಮಿನಿ ಅಪರೂಪದ ಕಾರಲ್ಲ. ದಶಕಗಳ ಕಾಲ ಮುಂಬೈ ಟ್ಯಾಕ್ಸಿ ಅಂದರೆ ಇದೇ ಆಗಿತ್ತು. ಅಲ್ಲಿಯ ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆಯಿಂದ ಇಳಿದದ್ದು 2023ರ ಅಕ್ಟೋಬರ್‌ನಲ್ಲಿ. ಹಾಗಾಗಿ ಪೂರ್ತಿ ರೆಡಿಯಾದ ಗಾಡಿಗಳೂ ಮಾರಾಟಕ್ಕೆ ಸಿಗುತ್ತವೆ. ಅರ್ಧ ಆದ ಗಾಡಿಯ ನಿಜವಾದ ಪೈಪೋಟಿ ಅವುಗಳ ಜೊತೆ.

ಮೂರನೇದು ಕಾಗದದ ಖರ್ಚು. 15 ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ಒಂದು ಕಾಲಕ್ಕೆ 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. 20 ವರ್ಷ ಮೀರಿದ ಕಾರುಗಳಿಗೆ 2025ರಲ್ಲಿ ಕೇಂದ್ರ ಸರ್ಕಾರ ಅದನ್ನು 10,000ಕ್ಕೆ ಏರಿಸಿತು. ಜೊತೆಗೆ ಇಂಧನದ ಚಿಂತೆ. ಈಗ ಬಂಕ್‌ಗಳಲ್ಲಿ ಸಿಗೋದು ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಹಳೇ ಕಾರ್ಬುರೇಟರ್ ಗಾಡಿಯ ರಬ್ಬರ್ ಪೈಪು, ಸೀಲುಗಳನ್ನು ಇದಕ್ಕೆ ತಡೆಯುವಂಥವಕ್ಕೆ ಬದಲಿಸಬೇಕು.

‘ವಿಂಟೇಜ್’ ಅಂತ ಬರೆಯೋ ಮುಂಚೆ

ಜಾಹೀರಾತಿನಲ್ಲಿ ‘ವಿಂಟೇಜ್ ಕಾರ್’ ಅಂತ ಹಾಕಿದರೆ ಬೆಲೆ ಬರುತ್ತೆ ಅನ್ನೋದು ಬ್ರೋಕರ್‌ಗಳ ಸಲಹೆ. ಆದರೆ 2021ರ ಕೇಂದ್ರ ನಿಯಮದಲ್ಲಿ ಈ ಪದಕ್ಕೆ ಖಚಿತ ಅರ್ಥವಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ಛಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲಿರಬೇಕು. ಹೊಸದಾಗಿ ವಿಂಟೇಜ್ ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ. ನಂಬರ್ ಪ್ಲೇಟಿನಲ್ಲಿ ‘ವಿಎ’ ಅಕ್ಷರ ಇರುತ್ತೆ. ಆ ಗಾಡಿಯನ್ನು ದಿನಾ ಆಫೀಸಿಗೆ ಒಯ್ಯುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್, ರಿಪೇರಿ ಇಂಥದ್ದಕ್ಕೆ ಮಾತ್ರ ರಸ್ತೆಗಿಳಿಸಬಹುದು. 1978ರ ನಮ್ಮ ಗಾಡಿಗೆ ಐವತ್ತು ತುಂಬೋದು 2028ಕ್ಕೆ. ಹಾಗಾಗಿ ಜಾಹೀರಾತಿನಲ್ಲಿ ಆ ಪದ ಬರೆಯಲಿಲ್ಲ.

ಲೆಕ್ಕ ಸರಳ, ಒಪ್ಪೋದು ಕಷ್ಟ

ಅಪ್ಪನ ಪುಸ್ತಕದಲ್ಲಿ ಪ್ರತಿ ಬಿಲ್ಲೂ ಇತ್ತು. ಒಟ್ಟು 2.4 ಲಕ್ಷ. ‘ಅಷ್ಟಾದರೂ ಬರಬೇಕಲ್ಲ’ ಅಂತ ಅಮ್ಮ. ಆದರೆ ಕೊಳ್ಳುವವನ ಲೆಕ್ಕದಲ್ಲಿ ಆ ಅಂಕಿಗೆ ಜಾಗವೇ ಇಲ್ಲ. ಅವನು ನೋಡೋದು ಮೂರನ್ನೇ: ಪೂರ್ತಿಯಾದ ಗಾಡಿ ಎಷ್ಟಕ್ಕೆ ಸಿಗುತ್ತೆ, ಬಾಕಿ ಕೆಲಸಕ್ಕೆ ಎಷ್ಟು ಬೇಕು, ಕಾಣದೇ ಇರೋ ತೊಂದರೆಗೆ ಎಷ್ಟು ಇಟ್ಟುಕೊಳ್ಳಬೇಕು.

ನಮ್ಮದನ್ನೇ ತಗೊಳ್ಳಿ. ಇಂಥದ್ದೇ ರೆಡಿ ಗಾಡಿಗೆ ಸುಮಾರು 3 ಲಕ್ಷ ಕೇಳುತ್ತಿದ್ದರು. ಬಾಕಿ ಕೆಲಸಕ್ಕೆ ಎರಡು ಗ್ಯಾರೇಜ್‌ಗಳಲ್ಲಿ ಎಸ್ಟಿಮೇಟ್ ತಂದೆ, ಸರಾಸರಿ 1.6 ಲಕ್ಷ. ಉಳಿಯೋದು 1.4 ಲಕ್ಷ. ಅದರಲ್ಲಿ ಅನುಮಾನದ ಬಾಬ್ತು ಕಳೆದರೆ 80-90 ಸಾವಿರ. ಹಾಗಂತ ನಾವೇ ಕೆಲಸ ಮುಗಿಸಿ ಮಾರೋಣವೇ? ಎಸ್ಟಿಮೇಟ್ ಮೀರಿದ ಪ್ರತಿ ರೂಪಾಯಿ ನಮ್ಮ ಜೇಬಿನದ್ದು. ಪೇಂಟಿನ ಬಣ್ಣ ಹಿಡಿಸದಿದ್ದರೆ ಕೊಳ್ಳುವವನು ಅದಕ್ಕೂ ಚೌಕಾಸಿ ಮಾಡುತ್ತಾನೆ.

ಆದ್ದರಿಂದ ದುಡ್ಡು ಹಾಕುವುದಿದ್ದರೆ ಮೂರನೇ ಅಂಕಿಯನ್ನು, ಅಂದರೆ ಅನುಮಾನವನ್ನು, ಕಡಿಮೆ ಮಾಡಲು ಹಾಕಿ. ನಾವು ಮಾಡಿದ್ದು ಇಷ್ಟು:

ಬ್ಯಾಟರಿ ಹಾಕಿ ಎಂಜಿನ್ ಸ್ಟಾರ್ಟ್ ಆಗುವಂತೆ ಮಾಡಿದೆವು. ತಣ್ಣಗಿದ್ದಾಗ ಒಂದೇ ಸಲಕ್ಕೆ ಸ್ಟಾರ್ಟ್ ಆಗುವ ವಿಡಿಯೊ ತೆಗೆದೆವು.

ಆರ್‌ಸಿಯಲ್ಲಿರುವ ಎಂಜಿನ್, ಛಾಸಿ ನಂಬರುಗಳನ್ನು ಗಾಡಿಯ ಮೇಲಿನ ನಂಬರಿನ ಜೊತೆ ತಾಳೆ ನೋಡಿದೆವು. ಹಳೇ ಆರ್‌ಸಿ ಪುಸ್ತಕ ಆನ್‌ಲೈನ್‌ಗೆ ಸೇರಿದೆಯಾ ಅಂತ ಆರ್‌ಟಿಒದಲ್ಲಿ ವಿಚಾರಿಸಿದೆವು.

ಬಿಚ್ಚಿಟ್ಟ ಬಿಡಿಭಾಗಗಳನ್ನೆಲ್ಲ ಕವರಿಗೆ ಹಾಕಿ ಹೆಸರು ಬರೆದೆವು. ಎಂಜಿನ್ ಸಾಮಾನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಸಿಕ್ಕೀತು. ಬಾಗಿಲಿನ ಬೀಡಿಂಗ್, ಮುಂದಿನ ಗ್ರಿಲ್, ಲೈಟಿನ ರಿಂಗು ಕಳೆದರೆ ಕಷ್ಟ.

ಪ್ರೈಮರ್ ಹೊಡೆಯುವ ಮುಂಚಿನ ತುಕ್ಕಿನ ಫೋಟೊ, ವೆಲ್ಡಿಂಗ್ ಫೋಟೊ ಎಲ್ಲ ತೋರಿಸಿದೆವು. ಒಳಗೆ ಏನು ಮುಚ್ಚಿದ್ದೀರಿ ಅನ್ನೋ ಪ್ರಶ್ನೆಗೆ ಬೇರೆ ಉತ್ತರವಿಲ್ಲ.

ಎರಡು ಆಫರ್

ಎರಡು ತಿಂಗಳಲ್ಲಿ ಗಟ್ಟಿಯಾಗಿ ಬಂದದ್ದು ಇಬ್ಬರೇ. ಒಬ್ಬರು ಬಿಡಿಭಾಗದ ವ್ಯಾಪಾರಿ. 95 ಸಾವಿರ, ಕ್ಯಾಶ್, ನಾಳೆಯೇ ಲಾರಿ ಅಂದರು. ಎಂಜಿನ್, ಗೇರ್‌ಬಾಕ್ಸ್ ಬೇರೆ ಗಾಡಿಗಳಿಗೆ, ಮಿಕ್ಕಿದ್ದು ಗುಜರಿಗೆ. ಇನ್ನೊಬ್ಬರು ಹಾಸನದ ಕಡೆಯ ಮೆಕ್ಯಾನಿಕ್, 80 ಸಾವಿರ. ಸಂಜೆ ಹೊತ್ತು ತಾವೇ ಕೂತು ಕೆಲಸ ಮುಗಿಸುವವರು.

ಅಪ್ಪ ಕೇಳಿದ್ದು ಒಂದೇ: ‘ಓಡಿಸ್ತಾರಂತಾ?’ 15 ಸಾವಿರ ಬಿಟ್ಟು ಮೆಕ್ಯಾನಿಕ್‌ಗೆ ಕೊಟ್ಟೆವು. ದುಡ್ಡಿನ ತುರ್ತು ಇದ್ದಿದ್ದರೆ ವ್ಯಾಪಾರಿಗೆ ಕೊಡೋದೂ ತಪ್ಪಾಗುತ್ತಿರಲಿಲ್ಲ. ಆ ಎಂಜಿನ್‌ನಿಂದ ಇನ್ನೊಂದು ಪದ್ಮಿನಿ ಓಡುತ್ತಿತ್ತು. ಆದರೆ ಗಾಡಿ ಅಪ್ಪನದು, ಕಳೆದುಕೊಂಡ ದುಡ್ಡೂ ಅವರದೇ. ಹಾಗಾಗಿ ತೀರ್ಮಾನವೂ ಅವರದೇ ಆಗಬೇಕಿತ್ತು. ಮನೆಯ ಹಳೇ ಗಾಡಿ ಮಾರುವಾಗ ಬೆಲೆಗಿಂತ ಮುಂಚೆ ಈ ಮಾತು ಇತ್ಯರ್ಥ ಮಾಡಿಕೊಳ್ಳಿ: ನಮಗೆ ಬೇಕಾಗಿರೋದು ಹೆಚ್ಚಿನ ದುಡ್ಡಾ, ಬೇಗ ಜಾಗ ಖಾಲಿಯಾಗೋದಾ, ಅಥವಾ ಗಾಡಿ ಉಳಿಯೋದಾ? ಮೂರೂ ಒಟ್ಟಿಗೆ ಸಿಗಲ್ಲ.

ಕೀ ಕೊಟ್ಟರೆ ಮುಗಿಯಲಿಲ್ಲ

ಫಾರಂ 29 ಮತ್ತು 30ಕ್ಕೆ ಇಬ್ಬರ ಸಹಿ ಬೇಕು. ಮಾಲೀಕರು ತೀರಿಕೊಂಡಿದ್ದರೆ ಫಾರಂ 31ರಲ್ಲಿ ಮೊದಲು ವಾರಸುದಾರರ ಹೆಸರಿಗೆ ಬರಬೇಕು. ಗಾಡಿ ಒಪ್ಪಿಸಿದ ದಿನಾಂಕ, ಗಂಟೆ ಬರೆದು ಸಹಿ ಮಾಡಿಸಿಕೊಳ್ಳಿ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅಪಘಾತ ಪರಿಹಾರದ ಹೊಣೆ ಅವರದೇ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ‘ಆಮೇಲೆ ಮಾಡಿಸ್ಕೋತೀನಿ ಬಿಡಿ ಸರ್’ ಅನ್ನುವವರಿಗೆ ಬಾಕಿ ಸ್ವಲ್ಪ ಹಣ ಉಳಿಸಿಕೊಂಡು, ಹೆಸರು ಬದಲಾದ ದಿನ ಲೆಕ್ಕ ಚುಕ್ತಾ ಮಾಡಿ.